ದೇವರ ಪರವಾಗಿ ಹೇಳುವ ಸುಳ್ಳು

ಸಂಪಾದಕರಿಗೆ,

ಮಾನ್ಯರೇ,

ಚುನಾವಣೆ ಹತ್ತಿರ ಬಂದಂತೆ ಚರ್ಚಿನ ವಾಟ್ಸ್‌ಆ್ಯಪ್ ಗ್ರೂಪುಗಳ ಬಣ್ಣವೇ ಬದಲಾಗುತ್ತದೆ. ಬೆಳಿಗ್ಗೆ ಒಂದು ದೇವರ ವಾಕ್ಯ, ಮಧ್ಯಾಹ್ನ ಯಾರದೋ ಆಪರೇಷನ್ನಿಗೆ ಪ್ರಾರ್ಥನೆಯ ವಿನಂತಿ. ರಾತ್ರಿ ಹತ್ತರ ಮೇಲೆ ಯಾವನೋ ರಾಜಕಾರಣಿಯ ಇಪ್ಪತ್ತು ಸೆಕೆಂಡಿನ ವಿಡಿಯೊ, ಕೆಳಗೆ ‘ಮತ ಹಾಕುವ ಮುನ್ನ ಪ್ರತಿಯೊಬ್ಬ ಕ್ರೈಸ್ತನೂ ನೋಡಲೇಬೇಕು’ ಎಂಬ ಒಕ್ಕಣೆ. ಮೂರಕ್ಕೂ ಒಂದೇ ಉತ್ತರ: ‘ಆಮೆನ್’. ಮೊದಲ ಎರಡಕ್ಕೆ ಆಮೆನ್ ಅಂದದ್ದು ಸರಿ. ಮೂರನೆಯದಕ್ಕೆ ಅಂದದ್ದು ಸಾಕ್ಷಿಯ ಕಟಕಟೆಯಲ್ಲಿ ನಿಂತು ‘ಹೌದು, ನಾನು ಬಲ್ಲೆ’ ಎಂದಂತೆ. ಅಷ್ಟು ಭಾರದ ಮಾತನ್ನು ಹೆಬ್ಬೆರಳಿನ ತುದಿಯಲ್ಲಿ ಮುಗಿಸಿಬಿಡುತ್ತಿದ್ದೇವೆ ಎಂಬುದರ ಬಗ್ಗೆ ಈ ಪತ್ರ.

ಯಾರಿಗೆ ಮತ ಹಾಕಬೇಕು ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುತ್ತಾರೆ, ಹಾಕಲಿ. ಎದುರಾಳಿ ನಮ್ಮ ಮೇಲೆ ಹೇಳಿದ ಸುಳ್ಳು ನಮಗೆ ತಕ್ಷಣ ಗೊತ್ತಾಗುತ್ತದೆ, ಅದಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ಗೊತ್ತಾಗದೆ ಒಳಗೆ ಬರುವುದು ನಮ್ಮ ಪರವಾಗಿ ಹೇಳಿದ ಸುಳ್ಳು. ಸಭೆಯ ಒಳಿತಿಗೆ, ವಿಶ್ವಾಸದ ರಕ್ಷಣೆಗೆ, ಜನರನ್ನು ಎಚ್ಚರಿಸುವುದಕ್ಕೆ ಎಂದು ಹೊರಟ ಸುಳ್ಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮ ನಾಲಿಗೆಯಲ್ಲೇ ಇದೆಯಲ್ಲ, ಒಳ್ಳೆಯ ಉದ್ದೇಶಕ್ಕೆ ಹೇಳಿದರೆ ತಪ್ಪೇನು ಎಂಬ ಸಮಾಧಾನ ಬೇಗ ಸಿಕ್ಕಿಬಿಡುತ್ತದೆ. ಬೈಬಲಿನಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟವನು ಯೋಬ. ತನ್ನನ್ನು ಸಮಾಧಾನಪಡಿಸಲು ಬಂದು, ದೇವರ ನ್ಯಾಯವನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ತನ್ನ ಮೇಲೆ ಇಲ್ಲದ ಪಾಪ ಹೊರಿಸುತ್ತಿದ್ದ ಸ್ನೇಹಿತರನ್ನು ಅವನು ಕೇಳುತ್ತಾನೆ: ದೇವರ ಪರ ವಹಿಸಿಕೊಂಡು ನೀವು ಮೋಸದ ಮಾತಾಡುತ್ತೀರಾ? (ಯೋಬ 13:7). ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ದೇವರೊಂದಿಗೆ ಜಗಳವಾಡಿದ ಯೋಬನ ಮೇಲಲ್ಲ, ದೇವರ ವಕಾಲತ್ತು ವಹಿಸಿದ ಆ ಸ್ನೇಹಿತರ ಮೇಲೆ.

ಬೈಬಲಿನ ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಹೇಳಬಾರದು ಎಂಬುದನ್ನು ಕಥೋಲಿಕರು, ಲೂಥರನ್ನರು ಎಂಟನೆಯದೆಂದು ಎಣಿಸುತ್ತಾರೆ, ಉಳಿದ ಬಹುತೇಕರು ಒಂಬತ್ತನೆಯದೆಂದು. ಸಂಖ್ಯೆ ಏನೇ ಇರಲಿ, ಅದರ ಮೂಲ ಹೀಬ್ರೂ ಕ್ರಿಯಾಪದದ ಅರ್ಥ ‘ಉತ್ತರಿಸು’ ಎಂದು, ನ್ಯಾಯಸ್ಥಾನದ ಎದುರು ಉತ್ತರ ಕೊಡುವುದು. ಆದ್ದರಿಂದ ಆ ಆಜ್ಞೆ ಬರೀ ‘ಸುಳ್ಳಾಡಬೇಡ’ ಎಂಬ ನೀತಿಪಾಠವಲ್ಲ. ನಿನ್ನ ಮಾತಿನಿಂದ ಇನ್ನೊಬ್ಬನ ಪ್ರಾಣ, ಆಸ್ತಿ, ಮಾನ ಹೋಗುವಂಥ ಜಾಗದಲ್ಲಿ ನೀನು ನಿಂತಿದ್ದೀಯೆ ಎಂಬ ಎಚ್ಚರಿಕೆ. ಧರ್ಮೋಪದೇಶಕಾಂಡ ಇದಕ್ಕೆ ವಿಧಿವಿಧಾನವನ್ನೇ ಕೊಡುತ್ತದೆ. ಒಬ್ಬನ ಸಾಕ್ಷಿ ಸಾಲದು, ಇಬ್ಬರು ಮೂವರು ಬೇಕು. ನ್ಯಾಯಾಧೀಶರು ಚೆನ್ನಾಗಿ ವಿಚಾರಣೆ ಮಾಡಬೇಕು. ಸಾಕ್ಷಿ ಸುಳ್ಳೆಂದು ಗೊತ್ತಾದರೆ, ಆರೋಪಿಗೆ ಯಾವ ಶಿಕ್ಷೆಯಾಗಲಿ ಎಂದು ಅವನು ಬಯಸಿದ್ದನೋ ಅದೇ ಶಿಕ್ಷೆ ಅವನಿಗೆ (19:15-19). ಮರಣದಂಡನೆಯಾದರೆ ಮೊದಲ ಕಲ್ಲು ಸಾಕ್ಷಿ ಹೇಳಿದವನೇ ಎಸೆಯಬೇಕು (17:7). ಅಂದರೆ ಹೇಳಿ ಜಾರಿಕೊಳ್ಳುವ ಹಾಗಿಲ್ಲ. ‘ಬಂದದ್ದನ್ನು ಹಾಗೇ ಕಳಿಸಿದೆ’ ಎಂಬ ಇಂದಿನ ಷರಾ ಅಲ್ಲಿ ನಡೆಯುತ್ತಿರಲಿಲ್ಲ.

ಸುಳ್ಳು ಹುಟ್ಟುವ ಬಗೆಯನ್ನು ಆದಿಕಾಂಡದ ಮೂರನೆಯ ಅಧ್ಯಾಯ ತುಂಬ ಸೂಕ್ಷ್ಮವಾಗಿ ತೋರಿಸುತ್ತದೆ. 2018ರ ಜಾಗತಿಕ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಪೋಪ್ ಫ್ರಾನ್ಸಿಸ್ ಸುಳ್ಳುಸುದ್ದಿಯ ವಿಚಾರಕ್ಕೆ ಅಲ್ಲಿ ಮೊದಲ ಹೆಣ್ಣಾದ ಹವ್ವಳನ್ನು ಮರುಳು ಮಾಡುವ ಸರ್ಪವನ್ನೇ ಎತ್ತಿಕೊಂಡಿದ್ದರು. ದೇವರು ಹೇಳಿದ್ದು: ಎಲ್ಲ ಮರಗಳ ಹಣ್ಣನ್ನೂ ತಿನ್ನಬಹುದು, ಒಂದರದ್ದು ಬೇಡ. ಸರ್ಪ ಕೇಳುವುದು: ತೋಟದ ಯಾವ ಮರದ ಹಣ್ಣನ್ನೂ ತಿನ್ನಬಾರದೆಂದು ದೇವರು ಹೇಳಿದ್ದಾನಂತೆ, ನಿಜವೋ? ಪದಗಳು ಬಹುಮಟ್ಟಿಗೆ ದೇವರವೇ, ‘ಒಂದು’ ಹೋಗಿ ‘ಯಾವುದೂ’ ಬಂದಿದೆ, ಅಷ್ಟೆ. ಇದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಹವ್ವಳ ಉತ್ತರ. ಅವಳು ದೇವರ ಪರವಾಗಿಯೇ ಮಾತಾಡುತ್ತಾಳೆ, ಸರ್ಪವನ್ನು ತಿದ್ದುತ್ತಾಳೆ. ಆದರೆ ತಿದ್ದುವಾಗ ‘ಅದನ್ನು ಮುಟ್ಟಲೂ ಬಾರದು’ ಎಂದು ಒಂದು ಮಾತು ಸೇರಿಸುತ್ತಾಳೆ. ಮುಟ್ಟಬಾರದು ಎಂದು ದೇವರು ಹೇಳಿದ್ದು ಎಲ್ಲೂ ಇಲ್ಲ. ನಮ್ಮ ಗ್ರೂಪುಗಳಲ್ಲಿ ನಡೆಯುವುದು ಹೆಚ್ಚಾಗಿ ಈ ಎರಡನೆಯ ಜಾತಿಯದು. ಕಲ್ಲು ತೂರಿದ್ದು ನಿಜ, ಕಿಟಕಿ ಒಡೆದದ್ದೂ ನಿಜ. ಸಂದೇಶ ನಾಲ್ಕನೆಯ ಕೈಗೆ ಬರುವಷ್ಟರಲ್ಲಿ ಚರ್ಚ್ ಸುಟ್ಟು ಬೂದಿಯಾಗಿರುತ್ತದೆ. ನಿಜವಾದ ಗಾಯಕ್ಕೆ ಇಲ್ಲದ ರಕ್ತ ಬಳಿದರೆ ಆಗುವುದೇನು? ತನಿಖೆಗೆ ಬಂದವರು ಬೂದಿ ಹುಡುಕುತ್ತಾರೆ, ಸಿಗುವುದಿಲ್ಲ, ಒಡೆದ ಕಿಟಕಿಯನ್ನೂ ನಂಬದೆ ಹೋಗುತ್ತಾರೆ.

ಈ ಚಾಳಿ ಮೊಬೈಲ್ ಬಂದ ಮೇಲೆ ಹುಟ್ಟಿದ್ದೇನಲ್ಲ. ಅಮೆರಿಕದಲ್ಲಿ ರೇಡಿಯೊ, ಟಿವಿ ಕೇಂದ್ರಗಳಿಗೆ ಪರವಾನಗಿ ಕೊಡುವ ಸರ್ಕಾರಿ ಆಯೋಗ ಎಫ್‌ಸಿಸಿ. 1974ರ ಡಿಸೆಂಬರಿನಲ್ಲಿ ಜೆರೆಮಿ ಲ್ಯಾನ್ಸ್‌ಮನ್, ಲೊರೆಂಜೊ ಮೈಲಮ್ ಎಂಬಿಬ್ಬರು ಅದಕ್ಕೊಂದು ಅರ್ಜಿ ಕೊಟ್ಟರು. ಶಿಕ್ಷಣಕ್ಕೆಂದು ಮೀಸಲಿಟ್ಟ ಚಾನೆಲ್‌ಗಳನ್ನು ಧಾರ್ಮಿಕ ಸಂಸ್ಥೆಗಳಿಗೆ ಕೊಡುವುದನ್ನು ಒಂದು ವಿಚಾರಣೆ ಮುಗಿಯುವ ತನಕ ನಿಲ್ಲಿಸಿ ಎಂಬುದು ಅವರ ಕೋರಿಕೆ. ಅರ್ಜಿಗೆ ಬಿದ್ದ ಸಂಖ್ಯೆ ಆರ್‌ಎಂ-2493. ಧರ್ಮದ ವಿಷಯದಲ್ಲಿ ಸರ್ಕಾರ ತಟಸ್ಥವಾಗಿರಬೇಕು ಎಂದು ಆಯೋಗ 1975ರ ಆಗಸ್ಟ್ 1ರಂದು ಅದನ್ನು ತಳ್ಳಿಹಾಕಿತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಚರ್ಚುಗಳಲ್ಲಿ ಬೇರೊಂದು ಕಥೆ ಓಡಾಡಿತು: ನಾಸ್ತಿಕವಾದಿ ಮ್ಯಾಡಲಿನ್ ಮರೆ ಓಹೇರ್ ದೇಶದ ಎಲ್ಲ ಕ್ರೈಸ್ತ ಪ್ರಸಾರವನ್ನೂ ನಿಲ್ಲಿಸಲು 2493ನೇ ಅರ್ಜಿ ಹಾಕಿದ್ದಾಳೆ, ತಕ್ಷಣ ಆಯೋಗಕ್ಕೆ ಪತ್ರ ಬರೆಯಿರಿ. ಓಹೇರ್‌ಗೂ ಆ ಅರ್ಜಿಗೂ ಸಂಬಂಧವೇ ಇರಲಿಲ್ಲ. ಪತ್ರಗಳು ಲಕ್ಷಗಟ್ಟಲೆಯಲ್ಲ, ಮುಂದಿನ ದಶಕಗಳಲ್ಲಿ ಕೋಟಿಯ ಲೆಕ್ಕದಲ್ಲಿ ಬಂದು ಬಿದ್ದವು. ಆಯೋಗ ಸ್ಪಷ್ಟನೆ ಕೊಟ್ಟರೂ ನಿಲ್ಲಲಿಲ್ಲ. ಓಹೇರ್ 1995ರಲ್ಲಿ ಕಾಣೆಯಾದರು, ಕೊಲೆಯಾಗಿದ್ದ ಅವರ ಅವಶೇಷ ಸಿಕ್ಕಿದ್ದು 2001ರಲ್ಲಿ. ಆಮೇಲೂ ಇಮೇಲ್‌ಗಳಲ್ಲಿ ಆಕೆ ಅರ್ಜಿ ಹಾಕುತ್ತಲೇ ಇದ್ದರು.

ಈ ಗಾಳಿಸುದ್ದಿ ಅಷ್ಟು ಕಾಲ ಬಾಳಿದ್ದು ಯಾಕೆಂದು ನೋಡಿದರೆ ಇವತ್ತಿನ ಫಾರ್ವರ್ಡ್‌ಗಳ ಅಂಗರಚನೆಯೇ ಸಿಗುತ್ತದೆ. ಮೊದಲನೆಯದಾಗಿ ಅದರಲ್ಲೊಂದು ಸಂಖ್ಯೆಯಿತ್ತು, ಅದು ನಿಜವಾದ ಸಂಖ್ಯೆ. ಅರ್ಜಿ ನಂಬರು, ಸೆಕ್ಷನ್ ನಂಬರು, ಶೇಕಡಾವಾರು ಕಂಡರೆ ಯಾರೋ ಹುಡುಕಿ ನೋಡಿಯೇ ಬರೆದಿರಬೇಕು ಅನ್ನಿಸುತ್ತದೆ, ನಾವು ಹುಡುಕುವುದಿಲ್ಲ. ಖಳನಾಯಕಿಯೂ ನಂಬುವಂತಿದ್ದಳು. ಸರ್ಕಾರಿ ಶಾಲೆಗಳಲ್ಲಿ ಬೈಬಲ್ ಪಠಣದ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 1963ರಲ್ಲಿ ಗೆದ್ದವರಲ್ಲಿ ಓಹೇರ್ ಒಬ್ಬರು. ಅದನ್ನು ಮಾಡಿದವಳು ಇದನ್ನು ಮಾಡಿರುವುದಿಲ್ಲವೆ ಎಂಬ ತರ್ಕ. ಮಾಡಲು ಒಂದು ಸುಲಭದ ಕೆಲಸವಿತ್ತು: ಸಹಿ ಹಾಕಿ, ಅಂಚೆಗೆ ಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ ತಾರೀಖು ಇರಲಿಲ್ಲ. ‘ನಾಳೆ ಇಷ್ಟು ಮಂದಿ ಮಿಷನರಿಗಳನ್ನು ಕೊಲ್ಲಲಿದ್ದಾರೆ, ತುರ್ತಾಗಿ ಪ್ರಾರ್ಥಿಸಿ’ ಎಂಬ ಸಂದೇಶಗಳು ವರ್ಷಾನುಗಟ್ಟಲೆ ಸುತ್ತುವುದೂ ಇದಕ್ಕೇ. ‘ನಾಳೆ’ ಎಂಬುದಕ್ಕೆ ಮುಪ್ಪಿಲ್ಲ. ಯಾವ ತಿಂಗಳ, ಯಾವ ವರ್ಷದ ನಾಳೆ ಎಂದು ಕೇಳಿದ ಕ್ಷಣ ಆ ಸಂದೇಶ ಸಾಯುತ್ತದೆ. ಕೇಳುವುದಕ್ಕೆ ಎಲ್ಲರಿಗೂ ಸಂಕೋಚ, ಪ್ರಾರ್ಥನೆಯ ಮಾತಿಗೆ ಅಡ್ಡ ಬಂದಂತಾಗುತ್ತದಲ್ಲ ಎಂದು.

‘ನಾಲ್ಕು ಗ್ರೂಪಿನಲ್ಲಿ ಬಂದಿದೆ, ಸುಳ್ಳಾಗಲು ಹೇಗೆ ಸಾಧ್ಯ?’ ಎನ್ನುವವರು ಒಂದು ಸಲ 1 ಅರಸುಗಳು 21ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ಅರಮನೆಯ ಪಕ್ಕದ ದ್ರಾಕ್ಷಿ ತೋಟದ ಮೇಲೆ ಇಸ್ರಾಯೇಲಿನ ಅರಸ ಅಹಾಬನ ಕಣ್ಣು. ಪಿತ್ರಾರ್ಜಿತ ಕೊಡುವುದಿಲ್ಲ ಎಂದ ತೋಟದ ಒಡೆಯ ನಾಬೋತ. ಅರಸ ಊಟ ಬಿಟ್ಟು ಮುಖ ತಿರುಗಿಸಿಕೊಂಡು ಮಲಗಿದ. ರಾಣಿ ಈಜೆಬೆಲಳು ಅರಸನ ಹೆಸರಿನಲ್ಲಿ ಪತ್ರ ಬರೆದು, ಅರಸನ ಮುದ್ರೆ ಒತ್ತಿ, ಊರಿನ ಹಿರಿಯರಿಗೆ ಕಳಿಸಿದಳು: ಉಪವಾಸ ಸಾರಿಸಿರಿ, ನಾಬೋತನನ್ನು ಜನರ ಮುಂದೆ ಕೂರಿಸಿರಿ, ಎದುರಿಗೆ ಇಬ್ಬರು ನೀಚರನ್ನು ಕೂರಿಸಿ ‘ಇವನು ದೇವರನ್ನೂ ಅರಸನನ್ನೂ ಶಪಿಸಿದ್ದಾನೆ’ ಎಂದು ಹೇಳಿಸಿರಿ. ನೋಡಿ, ಇಬ್ಬರು ಸಾಕ್ಷಿಗಳು ಬೇಕೆಂಬ ಕಾನೂನು ಅಕ್ಷರಶಃ ಪಾಲನೆಯಾಗಿದೆ. ಉಪವಾಸವೂ ಇದೆ, ಅಂದರೆ ಭಕ್ತಿಯ ವಾತಾವರಣಕ್ಕೂ ಕೊರತೆಯಿಲ್ಲ. ಆರೋಪದಲ್ಲಿ ದೇವರು, ದೇಶ ಎರಡೂ ಸೇರಿವೆ. ಇಬ್ಬರ ಬಾಯಲ್ಲೂ ಇರುವುದು ಒಂದೇ ಪತ್ರದ ಒಂದೇ ಸಾಲು. ಮೂಲ ಒಂದೇ ಆದಾಗ ಬಾಯಿ ಇನ್ನೂರಾದರೂ ಸಾಕ್ಷಿ ಒಂದೇ.

ಆ ಅಧ್ಯಾಯದಲ್ಲಿ ಸುಲಭವಾಗಿ ಕಣ್ಣು ತಪ್ಪಿಸುವ ಇನ್ನೊಂದು ವಿವರವಿದೆ. ಪತ್ರ ಬಂದದ್ದು ಅಹಾಬನ ಹೆಸರಿನಲ್ಲಿ. ನಾಬೋತನನ್ನು ಕಲ್ಲೆಸೆದು ಕೊಂದ ಮೇಲೆ ಹಿರಿಯರು ಕೆಲಸ ಮುಗಿಯಿತೆಂದು ಹೇಳಿಕಳಿಸಿದ್ದು ಅಹಾಬನಿಗಲ್ಲ, ಈಜೆಬೆಲಳಿಗೆ (ವಚನ 14). ಪತ್ರ ನಿಜವಾಗಿ ಯಾರದೆಂದು ಅವರಿಗೆ ಗೊತ್ತಿತ್ತು. ಪಕ್ಷಗಳ ಪ್ರಚಾರ ವಿಭಾಗದಲ್ಲಿ ತಯಾರಾದ ವಿಡಿಯೊವನ್ನು ‘ವಿಶ್ವಾಸಿಗಳ ಗಮನಕ್ಕೆ’ ಎಂದು ಹಾಕುವವರಿಗೂ ಎಷ್ಟೋ ಸಲ ಅದು ಎಲ್ಲಿಂದ ಬಂತೆಂಬುದು ಗೊತ್ತಿರುತ್ತದೆ.

ಹಾಗಾಗಿ ಸಾಕ್ಷಿ ಎಣಿಸುವ ಕ್ರಮ ಹೀಗಿರಬೇಕು: ಎಷ್ಟು ಜನ ಕಳಿಸಿದರು ಎಂದಲ್ಲ, ಒಬ್ಬರನ್ನೊಬ್ಬರು ಕೇಳದೆ ಎಷ್ಟು ಜನ ಕಂಡರು ಎಂದು. ನಾಲ್ಕು ಸಂದೇಶಗಳಲ್ಲಿ ಒಂದೇ ಕಾಗುಣಿತ ತಪ್ಪು, ಒಂದೇ ಕಡೆ ಮೂರು ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ನಾಲ್ಕೂ ಒಂದೇ. ವಾಟ್ಸ್‌ಆ್ಯಪಿನಲ್ಲಿ ಸಂದೇಶದ ಮೇಲೆ ಜೋಡಿ ಬಾಣ ಕಂಡರೆ ಅದು ಮೂಲದಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಕಂಪನಿ ಹಾಕಿದ ಆ ತಡೆಯನ್ನು ದಾಟಲು ಒಂದೊಂದಾಗಿ ಹತ್ತು ಗ್ರೂಪಿಗೆ ಕಳಿಸುವ ತಾಳ್ಮೆ ನಮ್ಮಲ್ಲಿ ಹಲವರಿಗಿದೆ, ಒಂದು ಸಲ ಪರೀಕ್ಷಿಸುವ ತಾಳ್ಮೆ ಇಲ್ಲ. ಇದು ಬರೀ ಚುಚ್ಚುಮಾತಲ್ಲ. ಟ್ವಿಟರಿನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1,26,000 ಸುದ್ದಿಗಳನ್ನು ಪರಿಶೀಲಿಸಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಸಂಶೋಧಕರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು: ಸುಳ್ಳುಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚು, ಅದಕ್ಕೆ ಮುಖ್ಯ ಕಾರಣ ಯಂತ್ರಗಳಲ್ಲ, ಮನುಷ್ಯರು.

ಕ್ರೈಸ್ತರಿಗೆ ಈ ವಿಷಯದಲ್ಲಿ ಎರಡು ಬಗೆಯ ನೆನಪುಗಳಿವೆ. ಒಂದನ್ನು ಪ್ರಸಂಗಗಳಲ್ಲಿ ಹೇಳುತ್ತೇವೆ, ಇನ್ನೊಂದನ್ನು ಹೇಳುವುದಿಲ್ಲ.

ಹೇಳುವುದು ಇದು. ಸುಮಾರು ಕ್ರಿ.ಶ. 112ರಲ್ಲಿ ರೋಮನ್ ಸಾಮ್ರಾಜ್ಯದ ಬಿಥೂನ್ಯ-ಪೊಂತ ಪ್ರಾಂತದ ಅಧಿಪತಿ ಪ್ಲಿನಿಯ ಕೈಗೆ ಕ್ರೈಸ್ತರೆನ್ನಲಾದ ಹಲವರ ಹೆಸರಿರುವ, ಸಹಿಯಿಲ್ಲದ ಪಟ್ಟಿಯೊಂದು ಬಂತು. ಏನು ಮಾಡಲಿ ಎಂದು ಅವನು ಚಕ್ರವರ್ತಿ ತ್ರಾಜನನನ್ನು ಕೇಳಿದ. ತ್ರಾಜನ ಕ್ರೈಸ್ತರ ಮಿತ್ರನೇನಲ್ಲ, ವಿಶ್ವಾಸ ಬಿಡದವರನ್ನು ಶಿಕ್ಷಿಸು ಎಂದೇ ಹೇಳಿದವನು. ಆದರೂ ಸಹಿಯಿಲ್ಲದ ದೂರುಪಟ್ಟಿಗೆ ಯಾವ ಮೊಕದ್ದಮೆಯಲ್ಲೂ ಜಾಗ ಕೊಡಬಾರದು, ಅದು ಕೆಟ್ಟ ಮೇಲ್ಪಂಕ್ತಿಯಾಗುತ್ತದೆ, ನಮ್ಮ ಕಾಲಕ್ಕೆ ತಕ್ಕದ್ದಲ್ಲ ಎಂದು ಬರೆದ. ನಮ್ಮನ್ನು ಹಿಂಸಿಸಿದ ಅರಸ ಇಟ್ಟುಕೊಂಡಿದ್ದ ಆ ಒಂದು ನಿಯಮವನ್ನು ನಮ್ಮ ಗ್ರೂಪ್ ಅಡ್ಮಿನ್‌ಗಳು ಇಟ್ಟುಕೊಂಡಿಲ್ಲ. ಕ್ರೈಸ್ತರು ಗುಟ್ಟಾಗಿ ಸೇರಿ ಮಗುವನ್ನು ಕೊಂದು ತಿನ್ನುತ್ತಾರೆ ಎಂಬ ಮಾತು ಆ ಕಾಲದ ಫಾರ್ವರ್ಡ್. ಸುಮಾರು 197ರಲ್ಲಿ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಅದಕ್ಕೆ ಕೊಟ್ಟ ಉತ್ತರ ಇವತ್ತಿಗೂ ಹರಿತವಾಗಿದೆ. ಹಾಗೆ ಅಳುತ್ತಿದ್ದ ಮಗುವನ್ನು ಕಂಡವರು ಯಾರು ಎಂದು ಕೇಳಿದ ಮೇಲೆ ಅವನ ವಾದ ಹೀಗೆ ಸಾಗುತ್ತದೆ: ಗಾಳಿಮಾತು ರುಜುವಾತಾಗದೆ ಇರುವಷ್ಟು ಕಾಲ ಮಾತ್ರ ಗಾಳಿಮಾತಾಗಿ ಬದುಕುತ್ತದೆ; ರುಜುವಾತಾದರೆ ಅದು ಸಂಗತಿಯಾಗುತ್ತದೆ, ಆಮೇಲೆ ಯಾರೂ ‘ಅಂತೆ’ ಎನ್ನುವುದಿಲ್ಲ.

ಹೇಳದೆ ಬಿಡುವುದು ಇದು. 1348ರಲ್ಲಿ ಪ್ಲೇಗ್ ಯೂರೋಪಿನಲ್ಲಿ ಹರಡುತ್ತಿದ್ದಾಗ ಯೆಹೂದ್ಯರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಎಂಬ ಸುದ್ದಿ ಕ್ರೈಸ್ತರ ನಡುವೆ ಹಬ್ಬಿತು. ಸವಾಯ್ ಸೀಮೆಯ ಶಿಲ್ಲಾನ್ ಕೋಟೆಯಲ್ಲಿ ಚಿತ್ರಹಿಂಸೆ ಕೊಟ್ಟು ಹೊರಡಿಸಿದ ತಪ್ಪೊಪ್ಪಿಗೆಗಳನ್ನು ಬರೆಸಿ ಪ್ರತಿ ಮಾಡಿ ಬೇರೆ ನಗರಗಳಿಗೆ ಕಳಿಸಿದರು. ಸ್ಟ್ರಾಸ್‌ಬರ್ಗಿಗೂ ಒಂದು ಪ್ರತಿ ಹೋಯಿತು. ಪೋಪ್ ಆರನೇ ಕ್ಲೆಮೆಂಟ್ ಅವಿನ್ಯೋನಿನಿಂದ ಅದೇ ವರ್ಷ ಹೊರಡಿಸಿದ ಆಜ್ಞಾಪತ್ರದಲ್ಲಿ ಎರಡೇ ಎರಡು ಸಂಗತಿ ಎತ್ತಿ ತೋರಿಸಿದರು: ಯೆಹೂದ್ಯರೂ ಇದೇ ರೋಗದಿಂದ ಸಾಯುತ್ತಿದ್ದಾರೆ, ಯೆಹೂದ್ಯರೇ ಇಲ್ಲದ ನಾಡುಗಳಲ್ಲೂ ಈ ರೋಗವಿದೆ. ಆ ಕಾಲದಲ್ಲಿ ಯಾರು ಬೇಕಾದರೂ ಸುತ್ತ ನೋಡಿ ಮಾಡಬಹುದಾಗಿದ್ದ ಪರೀಕ್ಷೆ ಅದು, ಪ್ರಯೋಗಾಲಯ ಬೇಕಿರಲಿಲ್ಲ. ಸ್ಟ್ರಾಸ್‌ಬರ್ಗಿನ ನಗರಸಭೆಯೂ ಮೊದಲು ಯೆಹೂದ್ಯರಿಗೆ ರಕ್ಷಣೆ ಕೊಡಲು ನೋಡಿತು. ಆ ಸಭೆಯನ್ನೇ ಕೆಳಗಿಳಿಸಲಾಯಿತು. 1349ರ ಫೆಬ್ರುವರಿ 14ರಂದು ನೂರಾರು ಯೆಹೂದ್ಯರನ್ನು ಸುಟ್ಟರು. ಪ್ಲೇಗ್ ಆ ಊರಿಗೆ ಇನ್ನೂ ಕಾಲಿಟ್ಟೇ ಇರಲಿಲ್ಲ. ಅವರಿಗೆ ಕೊಡಬೇಕಿದ್ದ ಸಾಲಗಳೆಲ್ಲ ಅಲ್ಲಿಗೆ ಚುಕ್ತಾ ಆದವು. ಸುದ್ದಿಯೊಂದು ನಿಜವಾಗಿರಲಿ ಎಂದು ಮನಸ್ಸು ಬಯಸುತ್ತಿರುವಾಗ ಅದರಿಂದ ಯಾರ ಸಾಲ ತೀರುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಪರೀಕ್ಷೆ ಎಂದರೆ ಏನು ಮಾಡಬೇಕು? ದೊಡ್ಡ ವಿದ್ಯೆಯೇನೂ ಬೇಡ, ಐದು ನಿಮಿಷ ಸಾಕು. ಫೋಟೊ ಬಂದರೆ ಗೂಗಲ್ ಲೆನ್ಸಿಗೆ ಕೊಟ್ಟು, ಅದೇ ಚಿತ್ರ ಹಿಂದೆ ಎಲ್ಲಿ ಯಾವಾಗ ಬಂದಿತ್ತು ನೋಡಿ. ಇಲ್ಲಿ ಪದೇ ಪದೇ ಕಾಣುವ ಮೋಸ ಚಿತ್ರವನ್ನು ತಿದ್ದಿದ್ದಲ್ಲ. ಚಿತ್ರ ಅಸಲಿ, ಆದರೆ ಊರು ಬೇರೆ, ವರ್ಷ ಬೇರೆ. ವಿಡಿಯೊ ಆದರೆ ಅಂಗಡಿಯ ಬೋರ್ಡು, ವಾಹನದ ನಂಬರು ಪ್ಲೇಟು, ಪೊಲೀಸರ ಸಮವಸ್ತ್ರ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹುಡುಕಿ. ಯಾರದೋ ಭಾಷಣದ ತುಣುಕಾದರೆ ಪೂರ್ತಿ ಭಾಷಣ ಹುಡುಕಿ, ತುಣುಕಿನ ಹಿಂದಿನ ಒಂದು ನಿಮಿಷ, ಮುಂದಿನ ಒಂದು ನಿಮಿಷ ಕೇಳಿ. ‘ನಮ್ಮ ವಿರೋಧಿಗಳು ಹೀಗನ್ನುತ್ತಾರೆ’ ಎಂದು ಶುರುವಾದ ವಾಕ್ಯದ ಮೊದಲರ್ಧ ಕತ್ತರಿಸಿದರೆ ಉಳಿದದ್ದು ಅವನದೇ ಮಾತಾಗುತ್ತದೆ. ಪತ್ರಿಕೆಯ ತುಣುಕಾದರೆ ಆ ಪತ್ರಿಕೆಯ ಇ-ಪೇಪರಿನಲ್ಲಿ ಆ ದಿನದ ಪುಟ ತೆರೆದು ನೋಡಿ; ದಿನಾಂಕವಿರುವ ಮೇಲ್ತುದಿ ಕತ್ತರಿಸಿಹೋಗಿದ್ದರೆ ಅದೇ ಮೊದಲ ಅನುಮಾನ. ಬಿಷಪ್ಪರ ಹೇಳಿಕೆ ಎಂದರೆ ಧರ್ಮಪ್ರಾಂತದ ಅಧಿಕೃತ ಪುಟದಲ್ಲಿ ಇರಬೇಕು, ಅಥವಾ ಚರ್ಚಿನ ಫಾದರ್‌ಗೆ, ಸಭಾಪಾಲಕರಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಈಗ ಧ್ವನಿಯನ್ನೂ ಯಂತ್ರದಿಂದ ಹುಟ್ಟಿಸಬಹುದು. ಕಿವಿಗೊಟ್ಟು ಕೇಳಿ ಕಂಡುಹಿಡಿಯುತ್ತೇನೆ ಎಂಬ ಹುಂಬತನ ಬೇಡ.

ಹೆಸರು, ಮುದ್ರೆ, ಅಕ್ಷರ ಇವುಗಳ ಬಗ್ಗೆ ಸಂತ ಪೌಲನಿಗಿದ್ದ ಎಚ್ಚರ ನಮಗಿಲ್ಲ. ಕರ್ತನ ದಿನ (ಕ್ರಿಸ್ತನು ಮರಳಿ ಬರುವ ದಿನ) ಬಂದೇಬಿಟ್ಟಿತು ಎಂದು ‘ನಮ್ಮಿಂದ ಬಂದಂತೆ ತೋರುವ ಪತ್ರ’ ಹೇಳಿದರೂ ಬೆದರಬೇಡಿ ಎಂದು ಥೆಸಲೋನಿಕದವರಿಗೆ ಎರಡನೆಯ ಪತ್ರದಲ್ಲಿ ಬರೆದು (2:2), ಕೊನೆಯಲ್ಲಿ ವಂದನೆಯನ್ನು ಸ್ವಂತ ಕೈಯಿಂದ ಬರೆದು, ನನ್ನ ಪ್ರತಿ ಪತ್ರಕ್ಕೂ ಇದೇ ಗುರುತು ಎನ್ನುತ್ತಾನೆ (3:17). ಅಪೊಸ್ತಲನ ಹೆಸರಿದೆ ಎಂಬುದೇ ಆಗಲೂ ಸಾಲುತ್ತಿರಲಿಲ್ಲ.

ಸಂತರ ಹೆಸರಿನ ಸುಭಾಷಿತಗಳಿಗೂ ಇದೇ ಮಾತು. ‘ಪ್ರಭುವೇ, ನಿನ್ನ ಶಾಂತಿಯ ಸಾಧನವಾಗಿ ನನ್ನನ್ನು ಮಾಡು’ ಎಂಬ ಪ್ರಾರ್ಥನೆಯನ್ನು ಎಲ್ಲರೂ ಅಸ್ಸೀಸಿಯ ಸಂತ ಫ್ರಾನ್ಸಿಸರದ್ದೆಂದು ಹೇಳುತ್ತಾರೆ. ಫ್ರಾನ್ಸಿಸ್ ತೀರಿಕೊಂಡದ್ದು 1226ರಲ್ಲಿ. ಆ ಪ್ರಾರ್ಥನೆ ಮೊದಲು ಸಿಗುವುದು 1912ರಲ್ಲಿ, ಪ್ಯಾರಿಸಿನ ‘ಲ ಕ್ಲೊಶೆತ್’ ಎಂಬ ಪುಟ್ಟ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ. ಮುಂದೆ ಅದನ್ನು ಫ್ರಾನ್ಸಿಸರ ಚಿತ್ರವಿದ್ದ ಕಾರ್ಡಿನ ಹಿಂಬದಿಗೆ ಅಚ್ಚು ಹಾಕಿದರು. ಮುಂದೆ ಚಿತ್ರ, ಹಿಂದೆ ಮಾತು. ಮಾತು ಚಿತ್ರದವರದ್ದೇ ಆಗಿಹೋಯಿತು. ಪ್ರಾರ್ಥನೆ ಚೆಂದವೇ ಇದೆ, ಹೇಳಿಕೊಳ್ಳಲು ಅಡ್ಡಿಯಿಲ್ಲ. ಆದರೆ ಒಬ್ಬ ನಾಯಕನ ಮುಖದ ಪಕ್ಕ ಅವನು ಆಡದ ಮಾತು ಹಾಕಿ ಕಳಿಸುವ ಇಂದಿನ ಕಾರ್ಡುಗಳು ಕೆಲಸ ಮಾಡುವುದೂ ಇದೇ ತಂತ್ರದಿಂದ, ಅಲ್ಲಿ ಮಾತ್ರ ಆಗುವುದು ಭಕ್ತಿಯಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ: ಪರೀಕ್ಷೆ ಮಾಡುತ್ತ ಕೂತರೆ ನಿಜವಾದ ಅನ್ಯಾಯಕ್ಕೂ ಬಾಯಿ ಮುಚ್ಚಿಕೊಂಡಂತಾಗುವುದಿಲ್ಲವೆ? ಆಗುತ್ತದೆ, ಮೌನವೂ ಪಾಪವಾಗಬಹುದು. ಕಂಡದ್ದನ್ನು, ತಿಳಿದದ್ದನ್ನು ಹೇಳದ ಸಾಕ್ಷಿ ದೋಷಿ ಎಂದು ಯಾಜಕಕಾಂಡ 5:1 ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದೇ ವಚನ ಸಾಕ್ಷಿ ಯಾರೆಂಬುದನ್ನೂ ಹೇಳುತ್ತದೆ: ಕಂಡವನು, ತಿಳಿದವನು. ಬೇರೆ ದೇಶದ ವಿಡಿಯೊ ಬೆರಳಲ್ಲಿ ಮುಟ್ಟಿದವನು ಸಾಕ್ಷಿಯಲ್ಲ. ಕಂಡವರಿದ್ದರೆ ಅವರಿಂದ ಹೆಸರು, ದಿನಾಂಕ, ಸಮಯ, ಜಾಗ ಬರೆಸಿಕೊಂಡು, ಫೋಟೊದ ಮೂಲ ಕಡತವನ್ನು ಹಾಗೇ ಉಳಿಸಿಕೊಂಡು, ಪೊಲೀಸರಿಗೋ ವಕೀಲರಿಗೋ ಪತ್ರಿಕೆಗೋ ತಲುಪಿಸುವುದು ಸಾಕ್ಷಿಯ ಕೆಲಸ. ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನಾಂಕ, ಜಾಗದ ವಿವರ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಉಳಿಯುತ್ತದೆ. ಅನ್ಯಾಯಕ್ಕೆ ಒಳಗಾದವರಿಗೆ ನಿಜವಾಗಿ ನೆರವಾಗುವುದು ಇಂಥ ಬೇಸರದ ಕೆಲಸ.

ಪ್ರಾರ್ಥನಾ ವಿನಂತಿಗಳ ಬಗ್ಗೆಯೂ ಎರಡು ಮಾತು ಬೇಕು. ‘ಇಂಥವರ ಮಗಳ ವಿಷಯ ಹೀಗಾಗಿದೆಯಂತೆ, ಪ್ರಾರ್ಥಿಸಿ’ ಎಂಬುದು ನಿಜವೇ ಆಗಿರಬಹುದು. ನಿಜವಾದರೆ ಹೇಳಬಹುದೆ? ಸಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ತಪ್ಪನ್ನು ಗೊತ್ತಿಲ್ಲದವರಿಗೆ ಬಯಲು ಮಾಡುವುದನ್ನು 1992ರ ‘ಕಥೋಲಿಕ ಧರ್ಮೋಪದೇಶ’ ಗ್ರಂಥ (ಪರಿಚ್ಛೇದ 2477) ಸುಳ್ಳು ಆಪಾದನೆಯ ಪಕ್ಕದಲ್ಲೇ ಇಡುತ್ತದೆ. ಪ್ರೊಟೆಸ್ಟೆಂಟರ ಹೈಡಲ್‌ಬರ್ಗ್ ಧರ್ಮಪ್ರಶ್ನೋತ್ತರ (1563) ಇದೇ ಆಜ್ಞೆಯ ಕೆಳಗೆ, ಯಾರ ಮಾತನ್ನೂ ತಿರುಚಬಾರದು, ಕೇಳದೆ ಯಾರನ್ನೂ ಖಂಡಿಸಬಾರದು ಎನ್ನುತ್ತದೆ. ಅರಸರಿಗಾಗಿ, ಅಧಿಕಾರಿಗಳೆಲ್ಲರಿಗಾಗಿ ಪ್ರಾರ್ಥಿಸಿರಿ ಎಂದು ಪೌಲ ತಿಮೊಥೆಯನಿಗೆ ಬರೆದನಲ್ಲ (1 ತಿಮೊಥೆ 2:1-2), ಆ ಪ್ರಾರ್ಥನೆಯೊಳಗೂ ಪ್ರಚಾರ ನುಸುಳುತ್ತದೆ. ‘ಕರ್ತನೇ, ದೇಶವನ್ನು ಲೂಟಿ ಮಾಡುತ್ತಿರುವ ಇಂಥವರ ಕೈಯಿಂದ ನಮ್ಮನ್ನು ಬಿಡಿಸು’ ಎಂಬಲ್ಲಿ ದೇವರಿಗೆ ಗೊತ್ತಿಲ್ಲದ್ದೇನೂ ಇಲ್ಲ. ಅದು ಕಣ್ಣು ಮುಚ್ಚಿ ಕೂತವರಿಗೆ ಹೇಳಿದ್ದು.

ಇನ್ನು, ತಪ್ಪು ಕಳಿಸಿಬಿಟ್ಟರೆ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ‘ಎಲ್ಲರಿಗೂ ಅಳಿಸು’ ಎಂಬ ಗುಂಡಿ ಸುಮಾರು ಎರಡು ದಿನದ ತನಕ ಕೆಲಸ ಮಾಡುತ್ತದೆ, ಆದರೆ ಅಷ್ಟರಲ್ಲಿ ಬೇರೆಯವರು ಮುಂದೆ ಕಳಿಸಿದ ಪ್ರತಿಗಳನ್ನು ಅದು ಮುಟ್ಟುವುದಿಲ್ಲ. ಸದ್ದಿಲ್ಲದೆ ಅಳಿಸಿದರೆ ಓದಿದವರ ತಲೆಯಲ್ಲಿ ಸುಳ್ಳು ಹಾಗೇ ಉಳಿಯುತ್ತದೆ. ಆದ್ದರಿಂದ ಯಾವ ಗ್ರೂಪಿಗೆ ಹಾಕಿದ್ದಿರೋ ಅದೇ ಗ್ರೂಪಿನಲ್ಲಿ, ‘ಇಂಥ ದಿನ ನಾನು ಹಾಕಿದ ಇಂಥ ಸುದ್ದಿ ತಪ್ಪು, ಆ ಚಿತ್ರ ಇಂಥ ವರ್ಷದ್ದು, ಇಂಥ ಊರಿನದು, ಮುಂದೆ ಕಳಿಸಿದವರು ಇದನ್ನೂ ಕಳಿಸಿ’ ಎಂದು ಬರೆಯಬೇಕು. ಹಳೆಯ ಚಿತ್ರವನ್ನು ಮತ್ತೆ ಹಾಕಲೇಬೇಕಾದರೆ ಅದರ ಮೇಲೇ ದಪ್ಪಗೆ ‘ಸುಳ್ಳು’ ಎಂದು ಬರೆದು ಹಾಕಿ. ಯಾಕೆಂದರೆ ಕೆಳಗಿನ ಒಕ್ಕಣೆ ಉದುರಿ ಚಿತ್ರ ಮಾತ್ರ ಮುಂದೆ ಹೋಗುತ್ತದೆ, ನಿಮ್ಮ ತಿದ್ದುಪಡಿಯೇ ಸುಳ್ಳಿನ ಹೊಸ ಪ್ರತಿಯಾಗುತ್ತದೆ. ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಎಂಬುದು ತಿದ್ದುಪಡಿಯಲ್ಲ; ನೋವಿನ ಪ್ರಶ್ನೆ ಇಲ್ಲಿಲ್ಲ, ಸಂಗತಿ ತಪ್ಪಾಗಿದೆ. ಸುದ್ದಿಯಿಂದ ಮಾನ ಹೋದ ವ್ಯಕ್ತಿ ಪರಿಚಯದವರಾದರೆ ಅವರಿಗೆ ನೇರವಾಗಿ ಹೇಳಬೇಕು. ಮೋಸದಿಂದ ಪಡೆದದ್ದನ್ನು ಹಿಂದಿರುಗಿಸುವಾಗ ಐದನೆಯ ಒಂದು ಪಾಲು ಹೆಚ್ಚು ಸೇರಿಸಬೇಕೆಂದು ಯಾಜಕಕಾಂಡ (6:5) ಹೇಳುತ್ತದೆ. ಸುದ್ದಿಯ ಲೆಕ್ಕದಲ್ಲಿ ಆ ಐದನೆಯ ಪಾಲೆಂದರೆ, ನೀವು ಕಳಿಸಿರದಿದ್ದರೂ ಅದು ತಲುಪಿದೆಯೆಂದು ಗೊತ್ತಿರುವ ಇನ್ನೊಂದು ಗ್ರೂಪಿಗೂ ತಿದ್ದುಪಡಿ ತಲುಪಿಸುವುದು.

ತಿದ್ದಿಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಹಿಂಜರಿಕೆ ಹಿರಿಯರಲ್ಲಿ ಜಾಸ್ತಿ. ಸಂತ ಅಗಸ್ಟೀನ್ 430ರಲ್ಲಿ ತೀರಿಕೊಳ್ಳುವ ಕೆಲವೇ ವರ್ಷ ಮೊದಲು ತನ್ನ 93 ಕೃತಿಗಳನ್ನು ಒಂದೊಂದಾಗಿ ತೆಗೆದು, ಇಲ್ಲಿ ಹೀಗೆ ಬರೆಯಬಾರದಿತ್ತು, ಇದು ತಪ್ಪು ಎಂದು ಇನ್ನೊಂದು ಪುಸ್ತಕವನ್ನೇ ಬರೆದ. ಸುಳ್ಳಿನ ಬಗ್ಗೆ ಅವನಷ್ಟು ಕಟ್ಟುನಿಟ್ಟಾಗಿದ್ದವರು ಕಡಿಮೆ. ಸುಮಾರು 395ರಲ್ಲಿ ಬರೆದ ಪುಸ್ತಕದಲ್ಲಿ ಎಂಟು ಬಗೆಯ ಸುಳ್ಳುಗಳನ್ನು ಪಟ್ಟಿ ಮಾಡಿ, ಎಲ್ಲಕ್ಕಿಂತ ಕೆಟ್ಟದ್ದೆಂದು ಮೊದಲ ಸ್ಥಾನ ಕೊಟ್ಟದ್ದು ಕೊಲೆಗಾರನ ಸುಳ್ಳಿಗಲ್ಲ, ಧರ್ಮಬೋಧನೆಯಲ್ಲಿ ಹೇಳುವ ಸುಳ್ಳಿಗೆ. ಸುಮಾರು 420ರಲ್ಲಿ ಕನ್ಸೆಂಷಿಯಸ್ ಎಂಬವನು, ಗುಟ್ಟಾಗಿ ಅಡಗಿರುವ ಪಾಷಂಡಿಗಳನ್ನು (ಸಭೆ ಒಪ್ಪದ ಬೋಧನೆ ಹಿಡಿದವರನ್ನು) ಹಿಡಿಯಲು ನಾವೂ ಅವರ ಪಂಗಡದವರಂತೆ ನಟಿಸಬಹುದೆ ಎಂದು ಕೇಳಿದಾಗಲೂ ಬೇಡವೆಂದ. ಸತ್ಯದ ಕಡೆಗೆ ಕರೆತರಲು ಸುಳ್ಳು ಹೇಳಿದವನ ಯಾವ ಮಾತನ್ನು ಆಮೇಲೆ ನಂಬುವುದು ಎಂಬುದು ಅವನ ವಾದದ ತಿರುಳು. ಭಾನುವಾರ ಪುನರುತ್ಥಾನದ ಸಾಕ್ಷಿ ಹೇಳಿ ಸೋಮವಾರ ಹಳೆಯ ಗಲಭೆಯ ಚಿತ್ರ ಕಳಿಸುವ ಬಾಯಿ ಎರಡಲ್ಲ, ಒಂದೇ. ಕೇಳುವವರಿಗೆ ಅದು ಗೊತ್ತು.

ಚರ್ಚುಗಳ ಗ್ರೂಪ್ ನಡೆಸುವವರಿಗೆ ಒಂದು ಕೋರಿಕೆ. ಗ್ರೂಪಿನ ವಿವರಣೆಯ ಜಾಗದಲ್ಲಿ ಮೂರು ಸಾಲು ಹಾಕಿಬಿಡಿ: ದಿನಾಂಕ ಮತ್ತು ಊರು ಇಲ್ಲದ ಸುದ್ದಿ ಹಾಕುವಂತಿಲ್ಲ, ಹಾಕಿದವರು ಎಲ್ಲಿಂದ ಬಂತೆಂದು ಕೇಳಿದರೆ ಹೇಳಬೇಕು, ತಪ್ಪೆಂದು ತಿಳಿದರೆ ಇಲ್ಲೇ ತಿದ್ದಬೇಕು. ನಿಯಮ ಮುರಿದವರನ್ನು ಗ್ರೂಪಿನಲ್ಲೇ ಜಾಡಿಸುವುದು ಬೇಡ. ಮೊದಲು ನೀನೂ ಅವನೂ ಇಬ್ಬರೇ ಇರುವಾಗ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಗೆ ಎಂಬ ಕ್ರಮ ಮತ್ತಾಯನ 18ನೇ ಅಧ್ಯಾಯದಲ್ಲಿದೆ. ನಾವು ಈಗ ಅದನ್ನು ತಲೆಕೆಳಗಾಗಿ ಪಾಲಿಸುತ್ತಿದ್ದೇವೆ. ವಾಚಕರ ವಾಣಿಗೆ ಬರೆಯುವವರಿಂದ ಪತ್ರಿಕೆಗಳು ಪೂರ್ಣ ಹೆಸರು, ವಿಳಾಸ ಕೇಳುತ್ತವೆ. ಹೆಸರು ಅಚ್ಚಾಗಲೇಬೇಕೆಂದಲ್ಲ, ಪ್ರಶ್ನೆ ಬಂದಾಗ ಉತ್ತರಿಸುವವರು ಯಾರೆಂಬುದು ಹೊಣೆ ಹೊತ್ತ ಒಬ್ಬರಿಗಾದರೂ ಗೊತ್ತಿರಬೇಕು ಎಂದು. ಆ ಹಳೆಯ ಕಟ್ಟಳೆಯನ್ನು ಪ್ರಾರ್ಥನಾ ಗ್ರೂಪುಗಳೂ ಎರವಲು ಪಡೆಯಬಹುದು.

ಇಂತಿ,
ಒಬ್ಬ ಕ್ರೈಸ್ತ ಓದುಗ
(ಹೆಸರು, ವಿಳಾಸ ಸಂಪಾದಕರ ಬಳಿ ಇದೆ)